ಮೊರದಲ್ಲಿ ಉಳಿದ ಕಲ್ಲು

ಅಮ್ಮನ ಕೈಯಿಂದ ಮುದ್ದೆ ಕೋಲು ಮೊದಲ ಸಲ ಜಾರಿದ್ದು 2013ರ ಮಳೆಗಾಲದಲ್ಲಿ. ಅದೇನೂ ದೊಡ್ಡ ಸುದ್ದಿಯಾಗಲಿಲ್ಲ. ಹಿಟ್ಟು ಗಂಟಾಯಿತು, ಅಪ್ಪ "ಇವತ್ತು ಅನ್ನಾನೇ ಸಾಕು ಬಿಡು" ಅಂದರು, ಅಷ್ಟೇ. ಆಮೇಲೆ ಬೆಳಗಿನ ಹೊತ್ತಿನ ಒಂದೊಂದೇ ಕೆಲಸ ಅವಳ ಕೈ ಬಿಡತೊಡಗಿತು. ಹಾಲಿನ ಪ್ಯಾಕೆಟ್ ಕತ್ತರಿಸಲು ಕತ್ತರಿ ಹಿಡಿಯಲಾಗದು. ನೆಲ ಒರೆಸುವ ಬಟ್ಟೆ ಹಿಂಡಲಾಗದು. ಬಳೆ ತೆಗೆಯಲು ಹೋದರೆ ಗೆಣ್ಣು ಊದಿ ಬಳೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಕೈ ತಾನಾಗಿ ಸಡಿಲವಾಗುತ್ತಿತ್ತು. ಸಂಜೆ ಯಾರಾದರೂ ಬಂದರೆ ಕಾಫಿ ಸೋಸಿ, ಲೋಟಕ್ಕೆ ಬಗ್ಗಿಸಿ, ನಗುತ್ತ ಕೊಡುತ್ತಿದ್ದಳು. ಬಂದವರು "ಚೆನ್ನಾಗೇ ಇದ್ದೀಯಲ್ಲ" ಎಂದು ಹೋಗುತ್ತಿದ್ದರು. ಬೆಳಗ್ಗೆ ಆರು ಗಂಟೆಗೆ ಅವಳನ್ನು ನೋಡುತ್ತಿದ್ದವರು ಮನೆಯವರು ಮಾತ್ರ.

"ಬೆಳಗ್ಗೆ ಎದ್ದ ಮೇಲೆ ಕೈ ಸಲೀಸಾಗೋಕೆ ಎಷ್ಟು ಹೊತ್ತು ಬೇಕು?" ಯಾರಾದರೂ ಈ ಒಂದು ಪ್ರಶ್ನೆ ಕೇಳಿದ್ದರೆ ಅರ್ಧ ಕಾಯಿಲೆ ಆಗಲೇ ಗೊತ್ತಾಗುತ್ತಿತ್ತು. ವಯಸ್ಸಾಗಿ ಸವೆದ ಮಂಡಿ ನಡೆದಷ್ಟೂ ನೋಯುತ್ತದೆ, ಕೂತರೆ ಕಡಿಮೆಯಾಗುತ್ತದೆ. ಇದು ಅದರ ತಿರುವುಮುರುವು. ರಾತ್ರಿಯೆಲ್ಲ ಸುಮ್ಮನಿದ್ದ ಕೀಲು ಬೆಳಗ್ಗೆ ಕೊರಡಾಗಿರುತ್ತದೆ, ಕೆಲಸ ಮಾಡುತ್ತ ಮಾಡುತ್ತ ಬಿಟ್ಟುಕೊಳ್ಳುತ್ತದೆ. ಆ ಪ್ರಶ್ನೆ ಕೇಳುವವರ ಹತ್ತಿರ ತಲುಪಲು ನಮಗೆ ಒಂದೂವರೆ ವರ್ಷ ಹಿಡಿಯಿತು.

ಆ ಒಂದೂವರೆ ವರ್ಷದಲ್ಲಿ ಅಮ್ಮನಿಗೆ ಇದ್ದದ್ದು ಮೊದಲು ವಾಯು, ಆಮೇಲೆ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆ, ಆಮೇಲೆ ಕ್ಯಾಲ್ಸಿಯಂ ಕೊರತೆ, ಕೊನೆಗೆ ನಂಜು. ನಂಜು ಎಂಬ ಮಾತು ಹೊರಟರೆ ಮುಗಿಯಿತು, ತಟ್ಟೆಯಿಂದ ಒಂದೊಂದೇ ಪದಾರ್ಥ ಎದ್ದು ಹೋಗುತ್ತದೆ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಆಲೂಗಡ್ಡೆ ವಾಯು, ಮೊಸರು ಶೀತ. ನೆಂಟರಿಷ್ಟರೆಲ್ಲ ಸೇರಿ ಅವಳನ್ನು ತಿಳಿಸಾರು ಅನ್ನಕ್ಕೆ ತಂದು ನಿಲ್ಲಿಸಿದರು. ಕೀಲು ಮಾತ್ರ ಊದುವುದು ಬಿಡಲಿಲ್ಲ.

ಆಗ ಬಂದದ್ದು ಪುಡಿ. ಪಕ್ಕದ ತಾಲ್ಲೂಕಿನ ಒಬ್ಬರು ಕೊಡುತ್ತಿದ್ದ ಪುಡಿ. ಬಿಳಿ ಕಾಗದದ ಪೊಟ್ಟಣ, ಜೇನುತುಪ್ಪದಲ್ಲಿ ಕಲಸಿ ಎರಡು ಹೊತ್ತು. ಮೂರನೇ ದಿನ ಅಮ್ಮ ಎದ್ದು ಮುದ್ದೆ ತಿರುವಿದಳು. ಆ ವರ್ಷದ ಯುಗಾದಿಗೆ ಒಬ್ಬಟ್ಟು ತಟ್ಟಿದ್ದೂ ಅವಳೇ. ನಾವೆಲ್ಲ ಆ ಪುಡಿಯವರಿಗೆ ಮನಸ್ಸಿನಲ್ಲೇ ಕೈ ಮುಗಿದೆವು. ನಾಲ್ಕು ತಿಂಗಳಲ್ಲಿ ಅಮ್ಮನ ಮುಖ ದುಂಡಗಾಯಿತು. ಅಕ್ಕಪಕ್ಕದವರು "ಮೈ ತುಂಬಿಕೊಂಡಿದ್ದೀಯ, ಚೆನ್ನಾಗಿದೆ" ಅಂದರು. ಚರ್ಮ ತೆಳುವಾಗಿ, ಸುಮ್ಮನೆ ತಗುಲಿದಲ್ಲೂ ನೀಲಿಗಟ್ಟುತ್ತಿತ್ತು. ಎಂದೂ ಇಲ್ಲದ ಸಕ್ಕರೆ ರಕ್ತದಲ್ಲಿ ಕಾಣಿಸಿತು. ಬೆಂಗಳೂರಿನಲ್ಲಿ ಕೊನೆಗೂ ಸಿಕ್ಕ ಕೀಲುರೋಗದ ಡಾಕ್ಟರು ರಿಪೋರ್ಟು ಬಿಚ್ಚುವ ಮೊದಲೇ ಅವಳ ಮುಖ ನೋಡಿ "ಏನಮ್ಮಾ, ಎಲ್ಲಾದ್ರೂ ಪುಡಿ ತಗೋತಿದ್ರಾ?" ಎಂದು ಕೇಳಿದರು. ಪುಡಿಯನ್ನು ನಾವು ಪರೀಕ್ಷೆಗೆ ಕಳಿಸಲಿಲ್ಲ. ಅದರಲ್ಲಿ ಸ್ಟೀರಾಯ್ಡ್ ಇದ್ದಿರಬೇಕು ಎಂದು ಅವರು ಅಂದರು. ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ ಎಂದು ಹೇಳಿ, ಲೆಕ್ಕ ಹಾಕಿದ ಪ್ರಮಾಣದ ಮಾತ್ರೆ ಬರೆದು, ತಿಂಗಳುಗಟ್ಟಲೆ ಇಳಿಸುತ್ತ ಬಂದರು.

ಆ ಪವಾಡದ ಮೂರು ದಿನಗಳಿಗೆ ಒಂದು ಹಳೆಯ ಕಥೆ ಇದೆ ಎಂದು ನನಗೆ ಗೊತ್ತಾಗಿದ್ದು ಬಹಳ ಆಮೇಲೆ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಹಾಸಿಗೆ ಹಿಡಿದಿದ್ದ ಒಬ್ಬ ಹೆಂಗಸಿಗೆ ಆಗಷ್ಟೇ ತಯಾರಾಗಿದ್ದ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. ಎರಡೇ ವರ್ಷಕ್ಕೆ, 1950ರಲ್ಲಿ, ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಆ ಹೊತ್ತಿಗಾಗಲೇ ದುಂಡು ಮುಖ, ಟೊಳ್ಳಾಗುವ ಮೂಳೆ, ಏರುವ ಸಕ್ಕರೆ ಒಂದೊಂದಾಗಿ ಕಾಣಿಸಿಕೊಳ್ಳುತ್ತಿದ್ದವು. ಹೆಂಚ್‌ಗೆ ಈ ಹುಡುಕಾಟದ ಎಳೆ ಸಿಕ್ಕಿದ್ದು ಎರಡು ಸಂಗತಿಗಳಿಂದ. ಕಾಮಾಲೆಯಾದಾಗ ಕೆಲವು ರೋಗಿಗಳ ಕೀಲುನೋವು ಮಾಯವಾಗುತ್ತಿತ್ತು, ಬಸಿರಾದಾಗಲೂ ಹಾಗೇ. ಅಂದರೆ ಈ ಕಾಯಿಲೆಯನ್ನು ತಣಿಸುವ ಏನೋ ಒಂದು ಮೈಯಲ್ಲೇ ಇದೆ ಎಂದು ಅವರು ಊಹಿಸಿದ್ದರು. ಸ್ಟೀರಾಯ್ಡ್ ಎಂದರೆ ಹೌಹಾರುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ: ಅದು ವಿಷವಲ್ಲ, ಅಡ್ರಿನಲ್ ಗ್ರಂಥಿ ದಿನಾ ತಾನೇ ತಯಾರಿಸುವ ಸರಕಿನ ನಂಟನೇ. ಲೆಕ್ಕವಿಲ್ಲದೆ, ಹೆಸರಿಲ್ಲದ ಪೊಟ್ಟಣದಲ್ಲಿ ಕೊಟ್ಟದ್ದು ತಪ್ಪು.

ಡಾಕ್ಟರು ಅವಳ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ನನ್ನ ಕೈಯಲ್ಲೂ ಒತ್ತಿಸಿದರು. ಮುಟ್ಟಿದರೆ ಬೆಚ್ಚಗೆ. ಮೂಳೆ ಗಟ್ಟಿಯಾಗಿ ಸಿಗಬೇಕಾದ ಕಡೆ ಮಾಗಿದ ದ್ರಾಕ್ಷಿಯ ಹಾಗೆ ಮೆತ್ತಗೆ. ರಕ್ತದಲ್ಲಿ ಆಂಟಿ ಸಿಸಿಪಿ ಎಂಬ ಪ್ರತಿಕಾಯ (ಹೊರಗಿನದನ್ನು ಹಿಡಿಯಲು ಮೈ ತಯಾರಿಸುವ ಪ್ರೊಟೀನು) ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ರುಮಟಾಯ್ಡ್ ಆರ್ಥ್ರೈಟಿಸ್ ಅಂದರು. "ನಿಮ್ಮ ರೋಗನಿರೋಧಕ ಶಕ್ತಿ ನಿಮ್ಮ ಕೀಲುಗಳ ಮೇಲೇ ತಿರುಗಿಬಿದ್ದಿದೆ" ಎಂದು ವಿವರಿಸಿದರು. ಅಮ್ಮ ತಲೆಯಾಡಿಸಿದಳು. ಆ ರಾತ್ರಿ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ನಂಗೆ ರೋಗನಿರೋಧಕ ಶಕ್ತಿ ಕಮ್ಮಿಯಾಗಿದೆಯಂತೆ ಕಣೇ."

ಅಲ್ಲಿಂದ ಶುರುವಾಯಿತು ನೋಡಿ. ಒಬ್ಬರು ಅಮೃತಬಳ್ಳಿ ತಂದರು, ಇನ್ನೊಬ್ಬರು ನೆಲ್ಲಿಕಾಯಿ ಲೇಹ್ಯ. ಕೋವಿಡ್ ಬಂದಾಗಲಂತೂ ಮನೆಯ ತುಂಬ ಕಷಾಯದ ಪುಡಿ, ಎಲ್ಲದರ ಮೇಲೂ 'ಇಮ್ಯುನಿಟಿ' ಎಂಬ ದಪ್ಪಕ್ಷರ. ಅಮ್ಮನ ಡಾಕ್ಟರು ಕೊಡುತ್ತಿದ್ದುದು ಅದನ್ನು ತಗ್ಗಿಸುವ ಮಾತ್ರೆ, ನೆಂಟರು ತರುತ್ತಿದ್ದುದು ಏರಿಸುವ ಪುಡಿ. ಇವೆರಡರ ನಡುವೆ ಸಿಕ್ಕ ಅಮ್ಮ ಒಂದು ದಿನ ನನ್ನನ್ನೇ ಕೇಳಿದಳು: "ನಂಗೆ ಶಕ್ತಿ ಜಾಸ್ತಿಯಾಗಿದೆಯೋ ಕಮ್ಮಿಯಾಗಿದೆಯೋ, ಒಂದು ಹೇಳು."

ನನಗೆ ಉತ್ತರ ಗೊತ್ತಿರಲಿಲ್ಲ. ಯೋಚಿಸುತ್ತ ಹೋದಂತೆ ಎಡವಟ್ಟು ಇರುವುದು ಶಕ್ತಿ ಎಂಬ ಆ ಮಾತಿನಲ್ಲೇ ಎನಿಸಿತು. ಇಮ್ಯುನಿಟಿಗೆ ಕನ್ನಡದಲ್ಲಿ ನಾವು ರೋಗನಿರೋಧಕ ಶಕ್ತಿ ಎಂದು ಕಟ್ಟಿಕೊಂಡೆವು. ಶಕ್ತಿ ಎಂದ ಮೇಲೆ ಅದು ಏರಬೇಕು, ಇಲ್ಲವೇ ಇಳಿಯಬೇಕು, ಮೊಬೈಲ್ ಚಾರ್ಜಿನ ಹಾಗೆ. ಆದರೆ ಅದರ ಕೆಲಸದಲ್ಲಿ ಹೊಡೆಯುವುದು ಕೊನೆಯ ಭಾಗ, ಮೊದಲನೆಯದು ಗುರುತು ಹಿಡಿಯುವುದು. ಇದು ನನ್ನದು, ಇದು ಹೊರಗಿನದು. ಇದು ಹೊರಗಿನದೇ, ಆದರೂ ಬಿಟ್ಟುಬಿಡಬೇಕಾದ್ದು: ತಿಂದ ಅನ್ನ, ಕರುಳಿನ ಬ್ಯಾಕ್ಟೀರಿಯಾ, ಬಸಿರಿನ ಮಗು. ಅಮ್ಮನ ಕಾಯಿಲೆಯಲ್ಲಿ ತಪ್ಪಿರುವುದು ಈ ಗುರುತು. ಅದು ತಪ್ಪಿದ ಮೇಲೆ ಶಕ್ತಿ ಎಷ್ಟಿದ್ದರೂ ಅಪಾಯವೇ. ಅದನ್ನು ವಿವೇಚನೆ ಎಂದಿದ್ದರೆ ಅರ್ಧ ಕಷಾಯ ಮಾರಾಟವೇ ಆಗುತ್ತಿರಲಿಲ್ಲ.

ಅಮ್ಮನಿಗೆ ಹೇಳುವಾಗ ನಾನು ಹಿಡಿದದ್ದು ಮೊರದ ದಾರಿ. ಅವಳಿಗೆ ಅಕ್ಕಿ ಆರಿಸುವುದೆಂದರೆ ಜಪ ಮಾಡಿದ ಹಾಗೆ. ಹಗಲೂಟದ ನಂತರ ಮೊರ ಹಿಡಿದು ಬಾಗಿಲ ಬೆಳಕಿಗೆ ಕೂತರೆ, ಕೇರಿ, ತೌಡು ಹಾರಿಸಿ, ಬೆರಳ ತುದಿಯಲ್ಲಿ ಕಲ್ಲು, ನೆಲ್ಲು, ಹುಳ ಎಲ್ಲವನ್ನೂ ಎತ್ತಿ ಎಸೆಯುತ್ತಿದ್ದಳು. ಈಗ ಅಂಗಡಿ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ, ಇದ್ದರೂ ಅವಳ ಮಣಿಕಟ್ಟು ಮೊರ ಹಿಡಿಯುವುದಿಲ್ಲ.

ನಮ್ಮ ಎದೆಮೂಳೆಯ ಹಿಂದೆ ಥೈಮಸ್ ಎಂಬ ಒಂದು ಗ್ರಂಥಿ ಇದೆ. ಮಕ್ಕಳಲ್ಲಿ ದೊಡ್ಡದಾಗಿದ್ದು, ಹರೆಯ ಕಳೆದ ಮೇಲೆ ಕುಗ್ಗುತ್ತ ಕೊಬ್ಬಾಗುತ್ತದೆ. 1961ರಲ್ಲಿ ಜಾಕ್ ಮಿಲ್ಲರ್ ಎಂಬವರು ಇಲಿಮರಿಗಳಲ್ಲಿ ಅದನ್ನು ತೆಗೆದು ನೋಡುವ ತನಕ ಅದು ಏತಕ್ಕೆ ಇದೆ ಎಂದೇ ಗೊತ್ತಿರಲಿಲ್ಲ. ಅಲ್ಲಿ ನಡೆಯುವುದು ಅಕ್ಕಿ ಆರಿಸುವ ಕೆಲಸ. ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಹುಟ್ಟುವಾಗ ಪ್ರತಿಯೊಂದೂ ತನ್ನ ಜೀನಿನ ಚೂರುಗಳನ್ನು ಇಸ್ಪೀಟಿನ ಎಲೆಯಂತೆ ಕಲಸಿ, ತನಗೆ ಒಂದು ಹಿಡಿಕೆಯನ್ನು ಮಾಡಿಕೊಳ್ಳುತ್ತದೆ. ಆ ಹಿಡಿಕೆಗೆ ಏನು ಹೊಂದುತ್ತದೋ ಅದನ್ನು ಅದು ಹಿಡಿಯುತ್ತದೆ. ಜಗತ್ತಿನಲ್ಲಿ ಇನ್ನೂ ಹುಟ್ಟದ ವೈರಸ್ಸಿಗೂ ಯಾವುದೋ ಒಂದು ಹಿಡಿಕೆ ತಯಾರಿರಲಿ ಎಂದು ಈ ಏರ್ಪಾಡು. ಕಣ್ಣು ಮುಚ್ಚಿ ಕಲಸಿದ ಮೇಲೆ, ನಮ್ಮದೇ ಕೀಲು, ನಮ್ಮದೇ ಥೈರಾಯ್ಡ್ ಹಿಡಿಯುವ ಹಿಡಿಕೆಗಳೂ ಹುಟ್ಟೇ ಹುಟ್ಟುತ್ತವೆ. ತಪ್ಪಿಸುವಂತಿಲ್ಲ.

ಅದಕ್ಕೇ ಥೈಮಸ್ಸಿನಲ್ಲಿ ಪರೀಕ್ಷೆ. ಅಲ್ಲಿನ ಕೆಲವು ಜೀವಕೋಶಗಳು ಮೈಯ ಬೇರೆ ಬೇರೆ ಭಾಗಗಳ ಸ್ಯಾಂಪಲ್ಲುಗಳನ್ನು ತಾವೇ ತಯಾರಿಸಿ ತೋರಿಸುತ್ತವೆ. ಇನ್ಸುಲಿನ್ ತಯಾರಾಗಬೇಕಾದ್ದು ಮೇದೋಜೀರಕ ಗ್ರಂಥಿಯಲ್ಲಿ, ಆದರೆ ಅದರ ಒಂದು ಚೂರು ಇಲ್ಲೂ ತಯಾರಾಗುತ್ತದೆ, ಸುಮ್ಮನೆ ತೋರಿಸಲಿಕ್ಕೆ. ಅದನ್ನು ನೋಡಿ ಯಾವ ಟಿ ಕೋಶ ಮೈಮೇಲೆ ಬೀಳುತ್ತದೋ ಅದಕ್ಕೆ ಅಲ್ಲೇ ಸಾವು. ಯಾವುದನ್ನೂ ಹಿಡಿಯಲು ಬಾರದ್ದೂ ಅಲ್ಲೇ ಸಾಯುತ್ತದೆ. ನೂರು ಒಳಗೆ ಹೋದರೆ ಹೊರಗೆ ಬರುವುದು ಐದರ ಒಳಗೆ. ಈ ಸ್ಯಾಂಪಲ್ ತೋರಿಸುವ ಜೀನನ್ನು 1997ರಲ್ಲಿ ಗುರುತಿಸಿದರು. ಆ ಜೀನ್ ಕೆಟ್ಟಿರುವ ಮಕ್ಕಳಲ್ಲಿ ಒಂದರ ಮೇಲೊಂದು ಗ್ರಂಥಿ ದಾಳಿಗೆ ಸಿಗುತ್ತದೆ.

ಇಷ್ಟು ಕೇಳಿ ಅಮ್ಮ ಅಂದಳು: "ಎಷ್ಟು ಆರಿಸಿದ್ರೂ ಒಂದು ಕಲ್ಲು ಹಲ್ಲಿಗೆ ಸಿಕ್ಕೇ ಸಿಗುತ್ತೆ."

ವಿಜ್ಞಾನಿಗಳಿಗೆ ಆ ಮಾತು ಒಪ್ಪಿತವಾಗಲು ದಶಕಗಳೇ ಬೇಕಾದವು. ಆರೋಗ್ಯವಂತರ ರಕ್ತದಲ್ಲೂ ತನ್ನವರನ್ನೇ ಹಿಡಿಯುವ ಕೋಶಗಳು ಇದ್ದೇ ಇರುತ್ತವೆ. ನಿಮ್ಮಲ್ಲೂ ಇವೆ. ಹಾಗಿದ್ದರೆ ಎಲ್ಲರಿಗೂ ಕಾಯಿಲೆ ಯಾಕೆ ಬರುವುದಿಲ್ಲ? ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ತೋರಿಸಿದ್ದು ಇದನ್ನೇ. ಟಿ ಕೋಶಗಳಲ್ಲೇ ಒಂದು ಪಂಗಡದ ಕೆಲಸ ಮಿಕ್ಕವರನ್ನು ಸುಮ್ಮನಿರಿಸುವುದು. ಆ ಪಂಗಡವನ್ನು ತೆಗೆದರೆ ಇಲಿಯ ಮೈ ತನ್ನನ್ನೇ ತಿನ್ನತೊಡಗುತ್ತದೆ. ಅಮೆರಿಕದ ಒಂದು ಪ್ರಯೋಗಾಲಯದಲ್ಲಿ 1940ರ ದಶಕದಿಂದಲೂ ಒಂದು ಜಾತಿಯ ಇಲಿಗಳಿದ್ದವು. ಅವುಗಳ ಗಂಡುಮರಿಗಳಲ್ಲಿ ಕೆಲವಕ್ಕೆ ಚರ್ಮ ಹಕ್ಕಳೆಗಟ್ಟಿ, ಕೆಲವೇ ವಾರಗಳಲ್ಲಿ ಸಾವು. ಅವುಗಳಲ್ಲಿ ಕೆಟ್ಟಿದ್ದ ಜೀನನ್ನು ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ಹುಡುಕಿದರು. ಸುಮ್ಮನಿರಿಸುವ ಆ ಪಂಗಡವನ್ನು ತಯಾರಿಸುವ ಜೀನ್ ಅದೇ ಎಂದು ಆಮೇಲೆ ಖಚಿತವಾಯಿತು. 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೆ. ಅಕ್ಟೋಬರ್‌ನಲ್ಲಿ ಆ ಸುದ್ದಿ ಓದಿ ನಾನು ಅಮ್ಮನಿಗೆ ಫೋನ್ ಮಾಡಿದೆ. "ನಾನು ಹೇಳಿದ್ದಕ್ಕೆ ಅವರಿಗೆ ಕೊಟ್ರಾ" ಅಂದಳು.

ಈ ಕಾಯಿಲೆಗಳ ಬಗ್ಗೆ ಮಾತೆತ್ತಿದರೆ ಎಲ್ಲರೂ ಹೇಳುವ ಗಾದೆ ಒಂದಿದೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ. ನಾನೂ ಮೊದಮೊದಲು ಹಾಗೇ ಹೇಳುತ್ತಿದ್ದೆ. ಅದು ಸಾಧ್ಯವೇ ಇಲ್ಲ ಎಂದು ನಂಬಿದ್ದವರು ದೊಡ್ಡ ದೊಡ್ಡವರು. ಜರ್ಮನಿಯ ಪಾಲ್ ಎರ್ಲಿಕ್ 1901ರ ಸುಮಾರಿಗೆ ಆಡುಗಳಿಗೆ ಬೇರೆ ಆಡುಗಳ ರಕ್ತ ಚುಚ್ಚಿ ನೋಡಿದರು. ಪರರ ರಕ್ತಕಣ ಒಡೆಯುವ ಪ್ರತಿಕಾಯ ಹುಟ್ಟಿತೇ ಹೊರತು ತನ್ನದೇ ರಕ್ತಕಣ ಒಡೆಯುವುದು ಹುಟ್ಟಲಿಲ್ಲ. ಮೈ ತನಗೆ ತಾನೇ ವಿಷವಾಗಲು ಹೇಸುತ್ತದೆ ಎಂಬ ಅರ್ಥದ ಒಂದು ಲ್ಯಾಟಿನ್ ಹೆಸರನ್ನು ಅವರು ಅದಕ್ಕೆ ಇಟ್ಟರು. ಆ ಮಾತಿನ ತೂಕ ಎಷ್ಟಿತ್ತೆಂದರೆ, 1904ರಲ್ಲೇ ಡೊನಾತ್ ಮತ್ತು ಲ್ಯಾಂಡ್‌ಸ್ಟೈನರ್ ಒಂದು ಪುರಾವೆ ಮುಂದಿಟ್ಟರೂ ಯಾರೂ ಅದರ ಬೆನ್ನು ಹತ್ತಲಿಲ್ಲ. ಚಳಿಗೆ ಮೈಯೊಡ್ಡಿದರೆ ಕೆಂಪು ಮೂತ್ರ ಹೋಗುವ ರೋಗಿಗಳಲ್ಲಿ, ತಮ್ಮದೇ ರಕ್ತಕಣ ಒಡೆಯುವ ಪ್ರತಿಕಾಯ ಇದೆ ಎಂದು ಅವರು ತೋರಿಸಿದ್ದರು. ಅರ್ಧ ಶತಮಾನ ಕಳೆದ ಮೇಲೆ, 1956ರಲ್ಲಿ, ನೋಯೆಲ್ ರೋಸ್ ಎಂಬ ತರುಣ ಮೊಲದ ಥೈರಾಯ್ಡ್ ಸಾರವನ್ನು ಮೊಲಕ್ಕೇ ಚುಚ್ಚಿ ಅದರ ಥೈರಾಯ್ಡ್ ಹಾಳಾಗುವುದನ್ನು ತೋರಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ಡೆಬೊರಾ ಡೋನಿಯಾಕ್, ಐವನ್ ರೋಯಿಟ್ ಮತ್ತು ಜೊತೆಗಾರರು ಹಶಿಮೊಟೊ ಕಾಯಿಲೆಯ ರೋಗಿಗಳ ರಕ್ತದಲ್ಲಿ ತಮ್ಮದೇ ಥೈರಾಯ್ಡ್ ವಿರುದ್ಧದ ಪ್ರತಿಕಾಯ ಕಂಡರು. ಬೇಲಿಯ ಗಾದೆ ಕೇಳುತ್ತ ಬೆಳೆದ ನಮ್ಮವರಾಗಿದ್ದರೆ ಇಷ್ಟು ವರ್ಷ ಅನುಮಾನ ಪಡುತ್ತಿರಲಿಲ್ಲವೇನೋ.

ಆದರೂ ಆ ಗಾದೆ ನನಗೀಗ ಒಗ್ಗುವುದಿಲ್ಲ. ಅದರಲ್ಲಿ ನಂಬಿಕೆದ್ರೋಹದ ವಾಸನೆ ಇದೆ. ಇಲ್ಲಿ ಯಾರೂ ದ್ರೋಹ ಬಗೆದಿಲ್ಲ. ಗಾಯವಾದಾಗ ಊದಿ, ಕೆಂಪಾಗಿ, ಬಿಸಿಯಾಗಿ ನಮ್ಮನ್ನು ಉಳಿಸುವ ಅದೇ ಕೆಲಸವನ್ನು ಅದೇ ನಿಷ್ಠೆಯಿಂದ ಅಮ್ಮನ ಗೆಣ್ಣಿನಲ್ಲಿ ಮಾಡುತ್ತಿದೆ. ವಿಳಾಸ ತಪ್ಪಿದೆ, ಅಷ್ಟೇ. ಕೀಲಿನ ಒಳಪೊರೆ ದಪ್ಪವಾಗಿ, ಪಕ್ಕದ ಮೂಳೆಯ ಅಂಚನ್ನು ಮೆಲ್ಲಗೆ ತಿನ್ನುತ್ತದೆ. ಎಕ್ಸ್‌ರೇಯಲ್ಲಿ ಅದು ಇಲಿ ಕಚ್ಚಿದ ಸೀಬೆಹಣ್ಣಿನ ಹಾಗೆ ಕಾಣುತ್ತದೆ.

ಡೋನಿಯಾಕ್ ಕಂಡ ಆ ಪ್ರತಿಕಾಯ ನನ್ನ ರಕ್ತದಲ್ಲೂ ಇದೆ. 32ನೇ ವಯಸ್ಸಿನಲ್ಲಿ ಕೂದಲು ಉದುರುತ್ತದೆ, ಸುಸ್ತು ಎಂದು ಹೋದಾಗ ಗೊತ್ತಾಯಿತು. ನನ್ನದೂ ಹಶಿಮೊಟೊ. 1912ರಲ್ಲಿ ನಾಲ್ವರು ಹೆಂಗಸರ ಗಂಟಲಿನ ಗ್ರಂಥಿಯನ್ನು ಸೂಕ್ಷ್ಮದರ್ಶಕದಡಿ ನೋಡಿ ಜರ್ಮನ್ ಭಾಷೆಯಲ್ಲಿ ಲೇಖನ ಬರೆದ ಹಕಾರು ಹಶಿಮೊಟೊ, ಆಮೇಲೆ ಊರಿಗೆ ಮರಳಿ ಮನೆತನದ ದವಾಖಾನೆ ನೋಡಿಕೊಂಡು 1934ರಲ್ಲಿ ಟೈಫಾಯಿಡ್‌ನಿಂದ ತೀರಿಕೊಂಡರು. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ ಕಾಫಿಗಾಗಿ ಮುಕ್ಕಾಲು ಗಂಟೆ ಕಾಯುವಾಗ ಕೆಲವೊಮ್ಮೆ ಅವರ ನೆನಪಾಗುತ್ತದೆ.

ಅಮ್ಮನಿಗೆ ಕೀಲು, ನನಗೆ ಥೈರಾಯ್ಡ್. "ಮನೆಯಲ್ಲಿ ಇನ್ಯಾರಿಗಾದರೂ ಹೀಗೆ?" ಎಂದು ಡಾಕ್ಟರು ಕೇಳಿದಾಗ ನಾವಿಬ್ಬರೂ ಇಲ್ಲ ಅಂದೆವು. ಮನೆಗೆ ಬರುವ ದಾರಿಯಲ್ಲಿ, ಬಸ್ಸಿನಲ್ಲಿ, ಅಮ್ಮ ಇದ್ದಕ್ಕಿದ್ದಂತೆ "ಅಕ್ಕನಿಗೆ ತೊನ್ನು ಇತ್ತಲ್ಲ" ಅಂದಳು.

ದೊಡ್ಡಮ್ಮನ ಬಗ್ಗೆ ಬರೆಯುವುದು ಸುಲಭವಲ್ಲ. ಹತ್ತೊಂಬತ್ತಕ್ಕೆ ತುಟಿಯ ಪಕ್ಕ ಒಂದು ಬಿಳಿ ಚುಕ್ಕೆ ಬಂದು, ಮೂರು ವರ್ಷದಲ್ಲಿ ಕೈ ಪೂರ್ತಿ ಬಿಳಿಯಾಯಿತಂತೆ. ಗೊತ್ತಾಗಿದ್ದ ಸಂಬಂಧ ಮುರಿಯಿತು. ಸರ್ಪದೋಷ ಎಂದು ಅಜ್ಜ ಕುಕ್ಕೆಗೆ ಹೋಗಿ ಆಶ್ಲೇಷ ಬಲಿ ಮಾಡಿಸಿ ಬಂದರು. ದೊಡ್ಡಮ್ಮ ಬೇಸಗೆಯಲ್ಲೂ ಮಣಿಕಟ್ಟಿನವರೆಗೆ ತೋಳಿನ ರವಿಕೆ ತೊಡುತ್ತಿದ್ದಳು. ಮದುವೆಮನೆಗಳಲ್ಲಿ ಅವಳು ತರಕಾರಿ ಹೆಚ್ಚಬಹುದಿತ್ತು, ಪಂಕ್ತಿಯಲ್ಲಿ ಬಡಿಸುವ ಹಾಗಿರಲಿಲ್ಲ. ಒಮ್ಮೆ ನನ್ನ ಎಲೆಗೆ ಅವಳು ಕೋಸಂಬರಿ ಬಡಿಸಿದಳು, ನಾನಾಗ ಏಳು ವರ್ಷದವಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸದ್ದಿಲ್ಲದೆ ತನ್ನ ಎಲೆಯನ್ನು ಒಳಗೆ ಎಳೆದುಕೊಂಡಳು. ದೊಡ್ಡಮ್ಮ ಅದನ್ನು ನೋಡಿದಳು. ಕೋಸಂಬರಿಯ ಪಾತ್ರೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಹಿತ್ತಿಲಿಗೆ ಹೋದಳು.

ತೊನ್ನು ಅಂಟುವುದಿಲ್ಲ. ಅದು ಕುಷ್ಠದ ನಂಟನೂ ಅಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ನಮ್ಮದೇ ಟಿ ಕೋಶಗಳು ಕೊಲ್ಲುವುದರಿಂದ ಬರುವ ಬಿಳುಪು. ಅಮ್ಮನ ಗೆಣ್ಣಿನಲ್ಲಿ, ನನ್ನ ಗಂಟಲಿನಲ್ಲಿ ಆಗಿರುವುದೂ ಅದರ ಒಡಹುಟ್ಟು. ಈ ಕಾಯಿಲೆಗಳು ಒಂದೇ ಮನೆಯಲ್ಲಿ ಬೇರೆ ಬೇರೆ ವೇಷದಲ್ಲಿ ಓಡಾಡುತ್ತವೆ, ತೊನ್ನು ಮತ್ತು ಥೈರಾಯ್ಡ್‌ನ ಜೋಡಿಯಂತೂ ವೈದ್ಯರಿಗೆ ಚಿರಪರಿಚಿತ. ದೊಡ್ಡಮ್ಮನ ಕಾಯಿಲೆ ಚರ್ಮದ ಮೇಲೆ ಕಂಡಿತು, ಪಂಕ್ತಿಯಿಂದ ಎಬ್ಬಿಸಿದರು. ನನ್ನದು ಕಾಣಲಿಲ್ಲ, ನನಗೆ ಮದುವೆಯಾಯಿತು. ಇದನ್ನು ತಿಳಿಯುವ ಹೊತ್ತಿಗೆ ಅವಳು ಹೋಗಿ ಆರು ವರ್ಷವಾಗಿತ್ತು.

ಹಾಗಾದರೆ ರಕ್ತದಲ್ಲೇ ಬಂದದ್ದೇ? ಪೂರ್ತಿ ಹಾಗೂ ಅಲ್ಲ. ಅವಳಿ ಜವಳಿಗಳಲ್ಲಿ, ಜೀನುಗಳೆಲ್ಲ ಒಂದೇ ಆಗಿರುವ ಜೋಡಿಯಲ್ಲಿ, ಒಬ್ಬರಿಗೆ ಅಮ್ಮನ ಕಾಯಿಲೆ ಇದ್ದರೆ ಇನ್ನೊಬ್ಬರಿಗೂ ಬರುವುದು ನೂರಕ್ಕೆ ಸುಮಾರು 15ರಷ್ಟು ಮಾತ್ರ. ಮಿಕ್ಕದ್ದು ಬದುಕಿನಲ್ಲಿ ಸೇರಿಕೊಳ್ಳುವಂಥದ್ದು. ಬೀಡಿ ಸಿಗರೇಟಿನ ಹೊಗೆ ಅದರಲ್ಲಿ ಎಲ್ಲರೂ ಒಪ್ಪಿರುವ ಕಾರಣ. ಶ್ವಾಸಕೋಶದಲ್ಲಿ ನಮ್ಮದೇ ಪ್ರೊಟೀನುಗಳ ಚಹರೆಯನ್ನು ಅದು ಸ್ವಲ್ಪ ಬದಲಿಸುತ್ತದೆ, ಬದಲಾದ ಚಹರೆಯನ್ನು ಕಾವಲಿನವರು ಪರಕೀಯ ಎಂದು ಬರೆದುಕೊಳ್ಳುತ್ತಾರೆ. ಕೀಲು ನೋಯುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ಪ್ರತಿಕಾಯ ರಕ್ತದಲ್ಲಿ ಓಡಾಡುತ್ತಿರುತ್ತದೆ. ಅಂದರೆ 2013ರ ಮಳೆಗಾಲದಲ್ಲಿ ಕೋಲು ಜಾರುವ ಹೊತ್ತಿಗೆ ಅಮ್ಮನ ಮೈಯಲ್ಲಿ ಕಾಯಿಲೆ ಹಳತಾಗಿದ್ದಿರಬಹುದು.

ಗುರುತು ತಪ್ಪುವ ಇನ್ನೊಂದು ಬಗೆಯನ್ನು ನಾನು ಶಾಲೆಯಲ್ಲೇ ಕಂಡಿದ್ದೆ, ಅರ್ಥವಾಗಿರಲಿಲ್ಲ. ನನ್ನ ಬೆಂಚಿನವಳೊಬ್ಬಳು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ನಿಗೆ ಹೋಗುತ್ತಿದ್ದಳು, ಮಾರನೇ ದಿನ ಕುಂಟುತ್ತ ಬರುತ್ತಿದ್ದಳು. ಅವಳಿಗೆ ಆಗಿದ್ದು ರುಮ್ಯಾಟಿಕ್ ಜ್ವರ. ಗಂಟಲು ನೋವು ತರುವ ಒಂದು ಜಾತಿಯ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಮೈಮೇಲಿನ ಪ್ರೊಟೀನಿಗೂ ನಮ್ಮ ಹೃದಯದ ಪ್ರೊಟೀನಿಗೂ ಹೋಲಿಕೆ ಇದೆ. ಬ್ಯಾಕ್ಟೀರಿಯಾವನ್ನು ಹೊಡೆಯಲು ಹುಟ್ಟಿದ ಪ್ರತಿಕಾಯ, ಅದು ಸತ್ತ ಮೇಲೂ ಬಿಡದೆ, ಹೃದಯದ ಕವಾಟಗಳ ಮೇಲೆ ಬೀಳುತ್ತದೆ. ಆ ಇಂಜೆಕ್ಷನ್ ಬ್ಯಾಕ್ಟೀರಿಯಾ ಮತ್ತೆ ಬಾರದಂತೆ ತಡೆಯಲಿಕ್ಕೆ. ನಮ್ಮ ದೇಶದಲ್ಲಿ ಬಡವರ ಮಕ್ಕಳ ಹೃದಯ ಕೆಡಿಸಿದ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಮಗುವಿನ ಗಂಟಲು ನೋವನ್ನು ಉಪ್ಪುನೀರಿಗೇ ಬಿಟ್ಟು ಕೂರುವವರಿಗೆ ಇದು ಗೊತ್ತಿರಬೇಕು.

ಇನ್ನು ಹೆಂಗಸರೇ ಯಾಕೆ ಎಂಬ ಪ್ರಶ್ನೆ. ಈ ಬಗೆಯ ಕಾಯಿಲೆಯ ನೂರು ಜನರಲ್ಲಿ ಸುಮಾರು 80 ಮಂದಿ ಹೆಂಗಸರು. ಕೀಲುರೋಗದ ಡಾಕ್ಟರ ಕಾಯುವ ಕೋಣೆಯಲ್ಲಿ ಕೂತರೆ ಅಂಕಿ ಅಂಶ ಬೇಕಾಗುವುದೇ ಇಲ್ಲ, ಎದುರಿನ ಕುರ್ಚಿಗಳ ತುಂಬ ಸೀರೆ, ಚೂಡಿದಾರ. ಹೆಣ್ಣಿನ ಪ್ರತಿಯೊಂದು ಜೀವಕೋಶದಲ್ಲಿ ಎರಡು ಎಕ್ಸ್ ವರ್ಣತಂತುಗಳಿವೆ, ಒಂದನ್ನು ಮುಚ್ಚಿಡಬೇಕು. ಮುಚ್ಚುವ ಕೆಲಸ ಮಾಡುವ ಅಣುವಿಗೆ ಅಂಟಿಕೊಳ್ಳುವ ಪ್ರೊಟೀನುಗಳೇ ಮೈಯನ್ನು ಕೆರಳಿಸಬಹುದು ಎಂದು 2024ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಹೊವರ್ಡ್ ಚಾಂಗ್ ತಂಡ ತೋರಿಸಿತು. ಬಸಿರಿನಲ್ಲಿ ಮಗುವನ್ನು ತಾಳಿಕೊಳ್ಳಲು ಮೈ ತನ್ನ ಸಿಟ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಗ ಕೀಲುನೋವು ತಣಿಯುತ್ತದೆ, ಬಾಣಂತನದಲ್ಲಿ ಮತ್ತೆ ಏಳುತ್ತದೆ. ಬಾಣಂತಿಯಾಗಿದ್ದಾಗ "ಶೀತ ಗಾಳಿಗೆ ಕೂತೆ, ವಾಯು ಹಿಡೀತು" ಎಂದು ಬೈಸಿಕೊಂಡ ಎಷ್ಟು ಹೆಂಗಸರಿಗೆ ನಿಜಕ್ಕೂ ಇದೇ ಆಗಿತ್ತೋ.

"ನಾನೇನು ತಪ್ಪು ಮಾಡಿದ್ದೆ?" ಅಮ್ಮ ಇದನ್ನು ಎಷ್ಟು ಸಲ ಕೇಳಿದ್ದಾಳೋ. ಹಿಂದೆ ಉತ್ತರ ಹುಡುಕುತ್ತಿದ್ದೆ. ಈಗ ಒಂದಷ್ಟು ಜೀನು, ಒಂದಷ್ಟು ಸೋಂಕು, ಒಂದಷ್ಟು ಹಾರ್ಮೋನು, ಮೇಲಿಂದ ಎಲೆ ಕಲಸುವಾಗಿನ ಅದೃಷ್ಟ ಎಂದು ಹೇಳುತ್ತೇನೆ. ಅವಳಿಗೆ ಅದು ಸಮಾಧಾನ ಕೊಡುವುದಿಲ್ಲ. ಬದನೆಕಾಯಿ ಮಾತ್ರ ಮತ್ತೆ ತಿನ್ನತೊಡಗಿದ್ದಾಳೆ.

ಅವಳ ಚಿಕಿತ್ಸೆ ಹನ್ನೆರಡು ವರ್ಷದಿಂದ ಹೆಚ್ಚುಕಡಿಮೆ ಒಂದೇ. ಅಡುಗೆಮನೆಯ ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರದ ಸುತ್ತ ಕೆಂಪು ಪೆನ್ನಿನ ಸೊನ್ನೆ. ಅದು ಮೆಥೊಟ್ರೆಕ್ಸೇಟ್ ದಿನ. ವಾರಕ್ಕೆ ಒಂದೇ ದಿನ, ತಪ್ಪಿ ದಿನಾ ನುಂಗಿದರೆ ರಕ್ತ ಹುಟ್ಟುವುದೇ ನಿಂತು ಜೀವ ಹೋಗಬಹುದು. ಡಾಕ್ಟರು ಚೀಟಿಯಲ್ಲಿ 'ಭಾನುವಾರ ಮಾತ್ರ' ಎಂದು ಕನ್ನಡದಲ್ಲೇ ಬರೆದು ಎರಡು ಗೆರೆ ಎಳೆದಿದ್ದರು. ಮಾತ್ರೆ ನುಂಗಿದ ಮೇಲೆ ಅಮ್ಮ ಸೊನ್ನೆಯ ಒಳಗೆ ಒಂದು ಚುಕ್ಕೆ ಇಡುತ್ತಾಳೆ. ಸೋಮವಾರ ಫೋಲಿಕ್ ಆಸಿಡ್. ಒಂದು ಮಾತ್ರೆ ಫೋಲಿಕ್ ಆಸಿಡ್‌ನ ದಾರಿಗೆ ಅಡ್ಡ ನಿಲ್ಲುತ್ತದೆ, ಇನ್ನೊಂದು ಅದನ್ನೇ ತುಂಬಿಕೊಡುತ್ತದೆ.

ಈ ಎರಡೂ ಮಾತ್ರೆಗಳ ಹಿಂದೆ ಒಬ್ಬರೇ ಮನುಷ್ಯ ಇದ್ದಾರೆ, ಅವರು ನಮ್ಮ ನೆರೆಯ ಆಂಧ್ರದವರು. ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯೆಲ್ಲಪ್ರಗಡ ಸುಬ್ಬರಾವ್. ಮದರಾಸಿನಲ್ಲಿ ವೈದ್ಯಕೀಯ ಓದಿ, 1920ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ, ಲೆಡರ್ಲೆ ಪ್ರಯೋಗಾಲಯದಲ್ಲಿ ಫೋಲಿಕ್ ಆಸಿಡ್ ತಯಾರಿಸಿದ ತಂಡವನ್ನು ನಡೆಸಿದವರು. ಆ ಫೋಲಿಕ್ ಆಸಿಡ್‌ನ ಜಾಡು ಮೊದಲು ಸಿಕ್ಕಿದ್ದೂ ನಮ್ಮ ದೇಶದಲ್ಲೇ. 1930ರ ಆಸುಪಾಸಿನಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಯ ಬಟ್ಟೆ ಗಿರಣಿಗಳ ಬಸುರಿ ಹೆಂಗಸರ ರಕ್ತಹೀನತೆ ಯೀಸ್ಟಿನ ಸಾರದಿಂದ ಗುಣವಾಗುವುದನ್ನು ಕಂಡಿದ್ದರು. ಸುಬ್ಬರಾವ್ ತಂಡ ಫೋಲಿಕ್ ಆಸಿಡ್‌ನ ಚಹರೆಯನ್ನೇ ಹೊತ್ತು ಜೀವಕೋಶಕ್ಕೆ ಮೋಸ ಮಾಡುವ ಔಷಧಗಳನ್ನೂ ತಯಾರಿಸಿತು. ಬಾಸ್ಟನ್‌ನ ಸಿಡ್ನಿ ಫಾರ್ಬರ್ ಅವುಗಳಲ್ಲೊಂದನ್ನು ರಕ್ತ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಬ್ಬರಾವ್ ತೀರಿಕೊಂಡದ್ದೂ ಅದೇ ವರ್ಷ. 1951ರಲ್ಲಿ ಆ ಬಗೆಯ ಔಷಧ ಕೀಲುವಾತಕ್ಕೂ ಆಗುತ್ತದೆ ಎಂದು ಒಬ್ಬರು ಬರೆದರೂ, ಎಲ್ಲರ ಕಣ್ಣು ಕಾರ್ಟಿಸೋನಿನ ಪವಾಡದ ಮೇಲಿತ್ತು. ಅಮೆರಿಕದಲ್ಲಿ ಈ ಕಾಯಿಲೆಗೆ ಮೆಥೊಟ್ರೆಕ್ಸೇಟ್ ಒಪ್ಪಿಗೆ ಪಡೆದದ್ದು 1988ರಲ್ಲಿ. ಕ್ಯಾನ್ಸರ್ ಮಾತ್ರೆ ಎಂದು ಮೆಡಿಕಲ್ ಶಾಪಿನ ಹುಡುಗ ಹೇಳಿದ ದಿನ ಅಮ್ಮ ರಾತ್ರಿಯೆಲ್ಲ ಅತ್ತಿದ್ದಳು. ಕ್ಯಾನ್ಸರಿಗೆ ಕೊಡುವುದರ ಒಂದು ಚೂರು ಮಾತ್ರ ಇದು ಎಂದು ತಿಳಿಸಿ ಹೇಳಬೇಕಾಯಿತು.

ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್, ಮಲೇರಿಯಾ ಮನೆತನದ ಮಾತ್ರೆ. 2020ರ ಮಾರ್ಚ್, ಏಪ್ರಿಲ್‌ನಲ್ಲಿ ಅದು ಕೋವಿಡ್‌ಗೆ ಮದ್ದು ಎಂಬ ಸುದ್ದಿ ಹಬ್ಬಿ ಅಂಗಡಿಗಳಿಂದ ಮಾಯವಾಯಿತು. ಲಾಕ್‌ಡೌನಿನಲ್ಲಿ ನಾನು ಏಳು ಅಂಗಡಿ ಅಲೆದು ಎರಡು ಸ್ಟ್ರಿಪ್ ತಂದೆ. ಕಾಯಿಲೆಯೇ ಇಲ್ಲದವರ ಕಪಾಟಿನಲ್ಲಿ ಅದು ಡಬ್ಬಿಗಟ್ಟಲೆ ಕೂತಿತ್ತು. ಅಮ್ಮನ ಗೆಣ್ಣು ಆ ಮೇ ತಿಂಗಳಲ್ಲಿ ಮತ್ತೆ ಊದಿತು.

ಮಾತ್ರೆಗೆ ಬಗ್ಗದವರಿಗೆ ಈಗ ದುಬಾರಿ ಇಂಜೆಕ್ಷನ್‌ಗಳಿವೆ. 1990ರ ದಶಕದಲ್ಲಿ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ತೋರಿಸಿಕೊಟ್ಟ ದಾರಿ ಅದು: ಟಿಎನ್ಎಫ್ ಎಂಬ ಒಂದೇ ಒಂದು ಸಂದೇಶವಾಹಕವನ್ನು ತಡೆದರೆ ಊತದ ಸರಪಳಿಯೇ ಸಡಿಲವಾಗುತ್ತದೆ. ನಮ್ಮಲ್ಲಿ ಅದನ್ನು ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ಕಡ್ಡಾಯ, ಯಾಕೆಂದರೆ ಮೈಯಲ್ಲಿ ಮಲಗಿರುವ ಟಿಬಿಯನ್ನು ಕಟ್ಟಿಹಾಕಿರುವುದೂ ಅದೇ ಟಿಎನ್ಎಫ್. ಜರ್ಮನಿಯ ಎರ್ಲಾಂಗೆನ್‌ನಲ್ಲಿ 2021ರಲ್ಲಿ ಲೂಪಸ್ ಎಂಬ ಇದೇ ಬಗೆಯ ಇನ್ನೊಂದು ಕಾಯಿಲೆ ಇದ್ದ ಒಬ್ಬ ತರುಣಿಯ ಟಿ ಕೋಶಗಳನ್ನು ಹೊರತೆಗೆದು, ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನು ಗುಡಿಸಿಹಾಕುವಂತೆ ತಿದ್ದಿ ಮತ್ತೆ ಮೈಗೆ ಬಿಟ್ಟರು. ಕಾಯಿಲೆ ಹಿಂದೆ ಸರಿಯಿತು. ಅಮ್ಮನಿಗೆ ಇದನ್ನೂ ಹೇಳಿದ್ದೇನೆ. "ಹೊಸದಾಗಿ ಅಕ್ಕಿ ತಂದು ಮತ್ತೆ ಆರಿಸಿದ ಹಾಗೆ" ಅಂದಳು.

ಹೋದ ತಿಂಗಳು ಚಿಕ್ಕಪ್ಪ ಬಂದಿದ್ದರು. ಬರುವಾಗ ಅರ್ಧ ಕೇಜಿಯ ಒಂದು ಇಮ್ಯುನಿಟಿ ಪುಡಿ ತಂದಿದ್ದರು. ಗಾಜಿನ ಬಾಟಲಿ, ಚಿನ್ನದ ಬಣ್ಣದ ಮುಚ್ಚಳ. "ದಿನಾ ಹಾಲಿಗೆ ಹಾಕ್ಕೊಂಡು ಕುಡೀರಿ ಅತ್ತಿಗೆ, ಶಕ್ತಿ ಬರುತ್ತೆ" ಅಂದರು. ಅಮ್ಮ "ಆಯ್ತಪ್ಪ" ಎಂದು ತೆಗೆದಿಟ್ಟಳು. ನಾನು ಏನೋ ಹೇಳಲು ಹೋದರೆ ಕಣ್ಣಲ್ಲೇ ಸುಮ್ಮನಿರಿಸಿದಳು. ಮೊನ್ನೆ ಹೋದಾಗ ನೋಡಿದರೆ ಪುಡಿ ತುಳಸಿ ಗಿಡದ ಬುಡದಲ್ಲಿತ್ತು. ಬಾಟಲಿ ತೊಳೆದು, ಬಿಸಿಲಿಗೆ ಒಣಗಿಸಿ, ಮೆಂತ್ಯ ತುಂಬಿಟ್ಟಿದ್ದಾಳೆ. ಮುಚ್ಚಳವನ್ನು ಮಾತ್ರ ಪೂರ್ತಿ ಬಿಗಿ ಮಾಡುವುದಿಲ್ಲ. ಬಿಗಿ ಮಾಡಿದರೆ ಬೆಳಗ್ಗೆ ತೆಗೆಯಲು ಅಪ್ಪನನ್ನು ಎಬ್ಬಿಸಬೇಕು.